ಐದನೇ ತರಗತಿಯ ಹೂವಿನ ಪಾಠ

ರಾಣೆಬೆನ್ನೂರು
೧೪ ಸೆಪ್ಟೆಂಬರ್ ೨೦೨೫, ರವಿವಾರ

ಅಪ್ಪನ ಜಾಗದಲ್ಲಿ ನಿಂತು ನನ್ನನ್ನು ಓದಿಸಿದ ಫಕ್ಕೀರೇಶಣ್ಣನಿಗೆ,

ನಿನ್ನ ತಂಗಿ ದ್ರಾಕ್ಷಾಯಿಣಿಯ ನಮಸ್ಕಾರ. ನಾವಿಲ್ಲಿ ಆರಾಮ ಇದ್ದೇವೆ. ಅತ್ತಿಗೆಯ ಮೊಣಕಾಲು ನೋವು ಹೇಗಿದೆ? ನಿನ್ನ ಮಗಳು ಧನಶ್ರೀಯ ಕೆಮ್ಮು ಹೋಯಿತೇ? ಪಂಚಮಿ ಮುಗಿಸಿ ನೀನು ನನ್ನನ್ನು ಕಾರಿನಲ್ಲಿ ತಂದು ಮನೆಗೆ ಬಿಟ್ಟಾಗ, ಎರಡು ದಿನದಲ್ಲಿ ಒಂದು ಕಾಗದ ಹಾಕುತ್ತೇನೆ ಎಂದು ತಮಾಷೆಗೆ ಹೇಳಿದ್ದೆ. "ಈ ಕಾಲದಾಗ ಯಾರವ್ವಾ ಕಾಗದ ಬರಿಯೋರು" ಎಂದು ನೀನೂ ನಕ್ಕಿದ್ದೆ. ಒಂದೂವರೆ ತಿಂಗಳಾಯಿತು. ತಡವಾದದ್ದಕ್ಕೆ ತಪ್ಪಾಯಿತು. ಆದರೆ ತಡವಾದದ್ದೇ ಒಳ್ಳೆಯದಾಯಿತು, ಆಗಲೇ ಬರೆದಿದ್ದರೆ ನಿನ್ನನ್ನು ಬಾಯಿ ತುಂಬ ಹೊಗಳಿ ಬರೆದುಬಿಡುತ್ತಿದ್ದೆ.

ಈಗ ಬರೆಯುತ್ತಿರುವುದು ಸಿಟ್ಟಿನಿಂದ. ಮೊದಲೇ ಹೇಳಿಬಿಡುತ್ತೇನೆ. ಫೋನಿನಲ್ಲಿ ಹೇಳಿ ನೋಡಿದೆ. ನೀನು ನಗುತ್ತೀ, ನನಗೆ ಅಳು ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ನೀನು ಫೋನು ಎತ್ತುವುದನ್ನೇ ಬಿಟ್ಟೆ. ಕಾಗದದ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೂತು ಪೂರ್ತಿ ಓದು. ಪುಸ್ತಕದ ಕನ್ನಡ ಬರೆದಿದ್ದಾಳೆ ನೋಡು ಎಂದು ಅತ್ತಿಗೆಯ ಮುಂದೆ ಆಡಿಕೊಳ್ಳಬೇಡ. ವರ್ಷಗಟ್ಟಲೆ ಹಲಗೆಯ ಮೇಲೆ ಬರೆದ ಕೈ ಇದು, ಪೆನ್ನು ಹಿಡಿದರೆ ಹೀಗೇ ಬರುತ್ತದೆ.

ಪಂಚಮಿಯ ದಿನ ಬ್ಯಾಡಗಿಯ ನಿನ್ನ ಮನೆಯ ಪಡಸಾಲೆಯಲ್ಲಿ ಕೂತು ಶೇಂಗಾ ಉಂಡಿ ಮೆಲ್ಲುತ್ತ ನಾನು ಶಾಲೆಯ ಗೋಳು ತೋಡಿಕೊಂಡದ್ದು ನೆನಪಿದೆಯಲ್ಲ? ಐದನೇ ತರಗತಿಗೆ ಈ ಅವಧಿಯಲ್ಲಿ ಹೂವಿನ ಪಾಠ ಬಂದಿದೆ, ಮಕ್ಕಳು ಕೇಸರ, ಶಲಾಕೆ, ಪರಾಗ ಎಂದು ಗಿಣಿಯ ಹಾಗೆ ಒಪ್ಪಿಸುತ್ತವೆ, ಯಾವುದು ಎಲ್ಲಿದೆ ಎಂದು ಕೇಳಿದರೆ ಬಾಯಿ ಬಿಡುತ್ತವೆ ಎಂದೆ. ನೀನು ಚಹಾದ ಬಸಿ ಕೆಳಗಿಟ್ಟು ಅಂದೆ: "ಹಾಳಿ ಮ್ಯಾಲಿನ ಹೂವ ಯಾಕ ತೋರಸ್ತೀಯವ್ವಾ? ದೇವರಗುಡ್ಡದ ಹಾದ್ಯಾಗ ಗುತ್ತಿಗಿಗೆ ಹಾಕ್ಕೊಂಡ ಹತ್ತಿ ಪ್ಲಾಟ್ ಐತಿ, ನಿನ್ನ ಸಾಲಿಗೆ ಕೂಗಳತಿ ಆಗತೈತಿ. ಹುಡುಗೂರನ್ನ ಕರಕೊಂಡ ಬಾ. ಖರೇ ಹೂವ ಬಿಚ್ಚಿ ತೋರಸೋಣು."

ನನಗೆ ಎಷ್ಟು ಸಂತೋಷವಾಯಿತು ಗೊತ್ತೇನು? ಅಪ್ಪನಿಗೆ ಲಕ್ವ ಹೊಡೆದ ವರ್ಷ ಐದನೇ ತರಗತಿ ಅರ್ಧಕ್ಕೆ ಬಿಟ್ಟು ಮಂದಿಯ ಹತ್ತಿ ಹೊಲಕ್ಕೆ ಬೀಜಕ್ಕಾಗಿ ಹೂವಿಗೆ ಹೂವು ಕೂಡಿಸುವ ಕ್ರಾಸಿಂಗ್ ಕೆಲಸಕ್ಕೆ ಹೋದ ನನ್ನ ಅಣ್ಣ, ಈಗ ನನ್ನ ಐದನೇ ತರಗತಿಯ ಮಕ್ಕಳಿಗೆ ಪಾಠ ಮಾಡುತ್ತಾನಲ್ಲ ಎಂದು ಓಣಿಯಲ್ಲಿ, ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಮುಖ್ಯೋಪಾಧ್ಯಾಯರಾದ ಅಣ್ಣಾಜಿ ಸರ್ ಕೂಡ ಒಳ್ಳೆಯ ಯೋಚನೆ ಎಂದು ತಕ್ಷಣ ಒಪ್ಪಿದರು.

ಮಕ್ಕಳನ್ನು ನಿನ್ನ ಹೊಲಕ್ಕೆ ಕರೆತಂದ ಆ ದಿನ ನಿಜವಾಗಿಯೂ ಚೆನ್ನಾಗಿತ್ತು. ಅದನ್ನು ಇಲ್ಲವೆನ್ನುವುದಿಲ್ಲ. ಹತ್ತಿ ಗಿಡದ ಸಾಲಿನಲ್ಲಿ ನೀನು ಪ್ಯಾಂಟು ಮಡಚಿ ನಿಂತು, ನಾಳೆ ಅರಳುವ ಮೊಗ್ಗು ಯಾವುದು ಎಂದು ಬೆರಳಿಟ್ಟು ತೋರಿಸಿದೆ. ಹೆಬ್ಬೆರಳಿನ ಉಗುರಿನಿಂದ ಮೊಗ್ಗಿನ ಬುಡದ ಸುತ್ತ ಸೀಳಿ, ಎಸಳು ಕೇಸರ ಎರಡನ್ನೂ ಟೊಪ್ಪಿಗೆ ತೆಗೆದ ಹಾಗೆ ಒಮ್ಮೆಲೇ ತೆಗೆದೆ. ನಡುವೆ ಶಲಾಕೆ ಒಂದೇ ಬಿಳುಪಾಗಿ ನಿಂತಿತ್ತು. "ಇದಕ್ಕ ಒಂದ ಗೀರ ಬಿದ್ದರೂ ಕಾಯಿ ಹೋತು. ನಾಳಿ ಮುಂಜಾನಿ ಗಂಡ ಸಾಲಿನ ಹೂವ ತಂದು ಇದಕ್ಕ ಹಗೂರಕ ತಿಕ್ಕೋದು, ದಾರಾ ಕಟ್ಟೋದು. ಮುಗೀತು ಕ್ರಾಸಿಂಗ್" ಎಂದೆ. ಮಕ್ಕಳು ಉಸಿರು ಬಿಗಿಹಿಡಿದು ನೋಡಿದವು. ನಾನು ಕೂಡ. ಒಂದು ಮಾತೂ ತಪ್ಪದೆ ಇಡೀ ಪಾಠ ಮಾಡಿಬಿಟ್ಟೆ ನೀನು.

ಆಮೇಲೆ ಎಲ್ಲರಿಗೂ ಮಂಡಕ್ಕಿ ಮಿರ್ಚಿ ತರಿಸಿದೆ. ಮಕ್ಕಳು ತಿನ್ನುತ್ತಿದ್ದಾಗ ನನ್ನ ಹತ್ತಿರ ಬಂದು, "ಇದರಾಗ ಯಾರ ಕೈ ಚುರುಕ ಅದಾವವ್ವಾ?" ಎಂದು ಕೇಳಿದೆ. ಟೀಚರಿಗೆ ಇಂಥ ಪ್ರಶ್ನೆ ಕೇಳಿದರೆ ಬಾಯಿ ನಿಲ್ಲುತ್ತದೆಯೇ? ಭುವನಾಳನ್ನು ಮುಂದೆ ಕರೆದು ನಿಲ್ಲಿಸಿದೆ. ತಾಯಿಯಿಲ್ಲದ ಹುಡುಗಿ, ಅಪ್ಪ ಲಾರಿಯ ಮೇಲೆ ಹೋದರೆ ಹದಿನೈದು ದಿನ ಪತ್ತೆ ಇರುವುದಿಲ್ಲ, ಅಜ್ಜಿ ಮುದುಕವ್ವ ಇವಳನ್ನೂ ಇವಳ ತಮ್ಮನನ್ನೂ ಸಾಕುತ್ತಾಳೆ, ಆದರೂ ಚಿತ್ರ ಬರೆಯುವುದು, ಹಾರ ಪೋಣಿಸುವುದು ಎಲ್ಲ ಅಚ್ಚುಕಟ್ಟು ಎಂದು ಹೇಳಿದೆ. ಇನ್ನೂ ಕೆಲವರ ಹೆಸರು ಹೇಳಿದೆ. ನಿನ್ನ ಮೇಸ್ತ್ರಿ ಅಜ್ಜಪ್ಪ ಪಕ್ಕದಲ್ಲೇ ನಿಂತು ತಲೆಯಾಡಿಸುತ್ತಿದ್ದ. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ತಿರುಗಿ ಬರುವಾಗ ಭುವನಾ ನನ್ನ ಕೈ ಹಿಡಿದುಕೊಂಡು, "ನಿಮ್ಮ ಅಣ್ಣಾರು ಇಷ್ಟೆಲ್ಲಾ ಯಾವ ಸಾಲ್ಯಾಗ ಕಲತಾರ್ರಿ ಟೀಚರ್?" ಎಂದು ಕೇಳಿದಳು. ನಾನು ನಿನ್ನ ಕಥೆ ಹೇಳಿದೆ. ನೀನು ಶಾಲೆ ಬಿಟ್ಟು ಹೊಲಕ್ಕೆ ಹೋದದ್ದಕ್ಕೇ ನಾನು ಓದಿ ಟೀಚರ್ ಆದೆ ಎಂದೆ. ಮಕ್ಕಳೆಲ್ಲ ಹಾದಿಯುದ್ದಕ್ಕೂ ನನ್ನ ಸುತ್ತ ಸೇರಿ ಕೇಳಿಸಿಕೊಂಡವು.

ಮುಂದಿನ ವಾರ ಕಿರು ಪರೀಕ್ಷೆ ಮಾಡಿದೆ. ಅಣ್ಣಾ, ಇಷ್ಟು ವರ್ಷದ ನೌಕರಿಯಲ್ಲಿ ಇಡೀ ತರಗತಿ ಒಂದು ಪಾಠವನ್ನು ಹೀಗೆ ಕಲಿತದ್ದನ್ನು ನಾನು ನೋಡಿರಲಿಲ್ಲ. ನಾಲ್ಕು ಮಂದಿಯ ಎದುರು ಬಾಯಿ ಬಿಡದ ಭುವನಾ ಹಲಗೆಯ ಹತ್ತಿರ ಬಂದು ಹತ್ತಿ ಹೂವಿನ ಚಿತ್ರ ಬರೆದು, ಒಂದೊಂದು ಭಾಗಕ್ಕೂ ಗೆರೆ ಎಳೆದು ಹೆಸರು ಬರೆದಳು. ನಾನು ಚಪ್ಪಾಳೆ ಹೊಡೆಸಿದೆ. ಅಣ್ಣಾಜಿ ಸರ್ ಫೋಟೊ ತೆಗೆದು ಶಿಕ್ಷಕರ ಗುಂಪಿಗೆ ಹಾಕಿದರು. ಎಲ್ಲರೂ ಹೆಬ್ಬೆರಳು ತೋರಿಸಿದರು. ಈಗ ಆ ಹೆಬ್ಬೆರಳು ನೆನೆಸಿಕೊಂಡರೆ ಮೈ ಉರಿಯುತ್ತದೆ.

ಯಾಕೆಂದು ಹೇಳುತ್ತೇನೆ. ಸೋಮವಾರ ಪ್ರಾರ್ಥನೆಯಾದ ಮೇಲೆ ನಾನು ಮಕ್ಕಳ ಉಗುರು ನೋಡುತ್ತೇನೆ. ಈ ತಿಂಗಳ ಮೊದಲ ಸೋಮವಾರ ಸಾಲಾಗಿ ಕೈ ಚಾಚಿ ನಿಂತಿದ್ದವು, ಆದರೆ ಹೆಬ್ಬೆರಳು ಮಾತ್ರ ಅಂಗೈಯೊಳಗೆ ಮಡಚಿಕೊಂಡಿದ್ದವು. ಬಿಡಿಸಿ ನೋಡಿದರೆ ಒಂಬತ್ತು ಬೆರಳಿನ ಉಗುರು ಚೊಕ್ಕ, ಬಲಗೈ ಹೆಬ್ಬೆರಳಿನದು ಮಾತ್ರ ಉದ್ದ. ಅದರ ಕೆಳಗೆ ಹಳದಿ ಪುಡಿ, ಹಸಿರು ಕಲೆ. ನೇಲ್ ಕಟರ್ ತೆಗೆದೆ. ಒಬ್ಬ ಹುಡುಗ ಅಳತೊಡಗಿದ: "ಕತ್ತರಿಸಬ್ಯಾಡ್ರಿ ಟೀಚರ್, ಮೇಸ್ತ್ರಿ ಬೈತಾನ್ರಿ." ಯಾವ ಮೇಸ್ತ್ರಿಯೋ ಎಂದು ಕೇಳಿದರೆ ಎಲ್ಲರೂ ಹೆಬ್ಬೆರಳು ಮತ್ತೆ ಮಡಚಿಕೊಂಡರು. ಆ ದಿನ ಭುವನಾ ಬಂದಿರಲಿಲ್ಲ. ಮರುದಿನವೂ ಇಲ್ಲ. ಆ ವಾರ ಒಬ್ಬೊಬ್ಬರಾಗಿ ನನ್ನ ತರಗತಿಯ ಅರ್ಧ ಖಾಲಿಯಾಯಿತು. ಚುರುಕು ಕೈಯವು ಎಂದು ನಾನು ಹೆಸರಿಟ್ಟು ಹೇಳಿದ ಮಕ್ಕಳೇ ಮೊದಲು ಹೋದವು.

ಭುವನಾಳ ಮನೆಗೆ ಹೋದೆ. ಮುದುಕವ್ವ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಹುಡುಗಿ ಯಾಕೆ ಶಾಲೆಗೆ ಬರುತ್ತಿಲ್ಲ ಎಂದರೆ ಮುದುಕಿ ನನ್ನನ್ನೇ ಹುಚ್ಚಿಯ ಹಾಗೆ ನೋಡಿದಳು. "ಅಯ್ಯ ಅಕ್ಕಾರ, ಹುಡುಗಿ ಸಾಲಿಗೇ ಹೋಗೇತಲ್ರಿ! ನಿಮ್ಮ ಹೂವಿನ ಸಾಲಿಗೆ! ಈ ಸಲದ ಪಾಠ ಹೊಲದಾಗ ನಡೀತೈತಿ, ಅಕ್ಕಾರ ಹೇಳ್ಯಾರ, ಅವರ ಅಣ್ಣಾರದ ಪ್ಲಾಟ್ ಅಂತ ಅಜ್ಜಪ್ಪ ಬಂದು ಹೇಳಿದ್ನಲ್ರಿ. ಮ್ಯಾಲ ಕೂಲೀನೂ ಕೊಡ್ತಾರ. ಕಲಿಯಾಕ ಬಂದೋರಿಗೆ ರೊಕ್ಕಾ ಕೊಡೋ ಸಾಲಿ ಎಲ್ಲೈತ್ರಿ? ನಿಮ್ಮ ಹೊಟ್ಟಿ ತಣ್ಣಗಿರಲಿ" ಎಂದಳು. ಆಶೀರ್ವಾದ ಮಾಡಿ ಚಹಾ ಕುಡಿಯಲು ಕೂರಿಸಿದಳು. ಆ ಚಹಾ ಅಲ್ಲೇ ಬಿಟ್ಟು ಎದ್ದೆ.

ಅಕ್ಕಾರ ಹೇಳ್ಯಾರ ಅಂತೆ! ನಾನು ಯಾವಾಗ ಹೇಳಿದೆ ಅಣ್ಣಾ? ಯಾರಿಗೆ ಹೇಳಿದೆ? ಊರಿನ ಮಂದಿ ನನ್ನ ಮಾತು ನಂಬುತ್ತಾರೆ. ಲಸಿಕೆ ಹಾಕಿಸಿ ಎಂದರೆ ಹಾಕಿಸುತ್ತಾರೆ, ಹುಡುಗಿಯನ್ನು ಇನ್ನೆರಡು ವರ್ಷ ಓದಿಸಿ ಎಂದರೆ ಓದಿಸುತ್ತಾರೆ. ಆ ನಂಬಿಕೆ ನಾನು ಬಿಸಿಲಲ್ಲಿ ಮನೆ ಮನೆ ತಿರುಗಿ ಗಳಿಸಿದ್ದು. ನಿನ್ನ ಮೇಸ್ತ್ರಿ ಅದನ್ನು ಒಂದೇ ಸಂಜೆಯಲ್ಲಿ ನಿನ್ನ ಹತ್ತಿಗೆ ಆಳು ಹಿಡಿಯಲು ಬಳಸಿಕೊಂಡ. ನಿನಗೆ ಗೊತ್ತಿಲ್ಲದೆ ಅವನಿಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು?

ಅಲ್ಲಿಂದ ನೆಟ್ಟಗೆ ನಿನ್ನ ಪ್ಲಾಟಿಗೆ ಹೋದೆ. ಮೊದಲು ಯಾರೂ ಕಾಣಲಿಲ್ಲ, ಬರೀ ಹತ್ತಿ ಗಿಡ. ಹತ್ತಿರ ಹೋದೆ. ಸಾಲುಗಳ ನಡುವಿನಿಂದ ನನ್ನ ಮಕ್ಕಳು ಒಮ್ಮೆಲೇ ಎದ್ದು ನಿಂತು, ತರಗತಿಯಲ್ಲಿ ಹೇಳುವ ಹಾಗೆಯೇ ರಾಗವಾಗಿ "ನಮಸ್ತೇ ಟೀಚರ್" ಎಂದವು. ಕೊರಳಲ್ಲಿ ಹೂವಿಗೆ ಕಟ್ಟುವ ಕೆಂಪು ದಾರದ ಕಟ್ಟು. ಒಬ್ಬಳು ಶಾಲೆಯ ಸಮವಸ್ತ್ರದಲ್ಲೇ ಬಂದಿದ್ದಳು. ಅಜ್ಜಪ್ಪ ಹಲ್ಲು ಕಿರಿಯುತ್ತ ಬಂದ: "ನೋಡ್ರಿ ಅಕ್ಕಾರ, ಎಷ್ಟ ಶಿಸ್ತ ಅದಾವು. ಹೆಂಗಸರಿಗಿಂತ ಚೊಲೋ ಮಾಡ್ತಾವು. ಹೆಂಗಸರು ಬಗ್ಗಿ ಬಗ್ಗಿ ಟೊಂಕಾ ಹಿಡಕೊಂಡ ಕೂತುಬಿಡ್ತಾರ. ಇವಕ್ಕ ಬಗ್ಗೂದ ಬ್ಯಾಡ, ಗಿಡದ ಎತ್ತರಾನ ಅದಾವು."

ಆ ಮಾತು ನೀನು ಕೇಳಿದ್ದರೆ ಏನು ಮಾಡುತ್ತಿದ್ದೆ? ನಾನು ಬಾಯಿಗೆ ಬಂದಂತೆ ಬೈದೆ. ಟೀಚರ್ ಬಾಯಲ್ಲಿ ಬರಬಾರದ ಮಾತು ಬಂದವು, ಮಕ್ಕಳು ಬಾಯಿ ಮೇಲೆ ಕೈ ಇಟ್ಟುಕೊಂಡವು. ಕೊರಳಿನ ದಾರ ಒಂದೊಂದಾಗಿ ತೆಗೆದುಕೊಂಡೆ, ಎಲ್ಲರನ್ನೂ ಮುಂದೆ ಹಾಕಿಕೊಂಡು ಶಾಲೆಗೆ ಕರೆತಂದೆ. ಮರುದಿನ ಹಾಜರಿ ಕರೆದರೆ ಮತ್ತೆ ಅದೇ ಕತೆ. ಹೊಸ ದಾರ ಕೊಟ್ಟಿದ್ದರು.

ಆಗ ನಿನಗೆ ಫೋನು ಮಾಡಿದೆ. ನೀನು ಏನಂದೆ ಎಂದು ನಿನಗೆ ಮರೆತಿದ್ದರೆ ನಾನು ನೆನಪಿಸುತ್ತೇನೆ. "ಆಳ ಸಿಗವಲ್ಲವು ಯವ್ವಾ, ಹೆಂಗಸರೆಲ್ಲಾ ಬ್ಯಾರೆ ಪ್ಲಾಟಿಗೆ ಹೋಗ್ಯಾರ. ಹೂವ ನಿನ್ನ ಸಾಲಿ ಗಂಟಿಗೆ ಕಾಯಂಗಿಲ್ಲ, ಇವತ್ತ ಅರಳಿದ್ದು ನಾಳಿ ಬಾಡತೈತಿ. ಮುಂಜಾನಿ ಎರಡ ತಾಸು, ಮಧ್ಯಾಹ್ನ ಎರಡ ತಾಸು. ನಡುವ ನೀ ಕಲಸು. ನಾ ಕಲತಿದ್ದು ಹಿಂಗ ಅಲ್ಲೇನು? ನಾ ಏನ ಸತ್ತೇನು?" ಎಂದು ನಕ್ಕೆ. ನಡುವೆ ಕಲಿಸಬೇಕಂತೆ! ಗಿಡದ ನಡುವೆ ಬಿಸಿಲಲ್ಲಿ ಬೆಂದು, ಔಷಧಿ ಹೊಡೆದ ಎಲೆ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತ ಬಂದು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುವ ಮಕ್ಕಳಿಗೆ ನಾನು ಏನು ಕಲಿಸಲಿ? ಭಾಗಾಕಾರವೇ?

ನಿನ್ನ ಕಷ್ಟ ನನಗೆ ತಿಳಿಯುವುದಿಲ್ಲ ಎಂದುಕೊಳ್ಳಬೇಡ. ಹೂವು ಕಾಯುವುದಿಲ್ಲ, ನಿಜ. ಕಂಪನಿಯವರು ಬೀಜ ಕೇಳುತ್ತಾರೆ, ಅದೂ ನಿಜ. ಹಾಗಾದರೆ ಒಂದು ಮಾತು ಕೇಳುತ್ತೇನೆ. ಧನಶ್ರೀಯೂ ಐದನೇ ತರಗತಿ. ದಿನಾ ಮುಂಜಾನೆ ಹಳದಿ ಬಸ್ಸು ಬಾಗಿಲಿಗೆ ಬಂದು ಅವಳನ್ನು ಕರೆದೊಯ್ಯುತ್ತದೆ. ಪಂಚಮಿಯಲ್ಲಿ ತನ್ನ ಪುಸ್ತಕ ತಂದು ನನಗೆ ಇದೇ ಹೂವಿನ ಪಾಠವನ್ನು ಇಂಗ್ಲಿಷಿನಲ್ಲಿ ಓದಿ ತೋರಿಸಿದಳು, ನೀನು ಪಕ್ಕದಲ್ಲಿ ಕೂತು ಹಿಗ್ಗುತ್ತಿದ್ದೆ. ಅವಳ ಕೈ ಚುರುಕಿಲ್ಲವೇ? ಅವಳ ಹೆಬ್ಬೆರಳಿಗೆ ಉಗುರಿಲ್ಲವೇ? ಅವಳೂ ಗಿಡದ ಎತ್ತರವೇ ಇದ್ದಾಳೆ, ಅಜ್ಜಪ್ಪನಿಗೆ ಯಾಕೆ ಕಾಣಲಿಲ್ಲ? ಈ ಪ್ರಶ್ನೆ ಓದಿ ನಿನಗೆ ಮೈ ಉರಿಯಿತೇ? ಉರಿಯಲಿ. ಧನಶ್ರೀಯ ಹೆಸರು ಬರೆಯುವಾಗ ನನಗೂ ಉರಿಯಿತು, ನಾನು ಅವಳ ಸೋದರತ್ತೆ. ಆದರೆ ಭುವನಾಳಿಗೆ ಹಾಗೆ ಉರಿಯುವ ಅಪ್ಪ ಊರಲ್ಲಿಲ್ಲ, ಅದಕ್ಕೇ ಅವಳು ನಿನ್ನ ಸಾಲಿನಲ್ಲಿ ನಿಂತಿದ್ದಾಳೆ.

ಅಣ್ಣಾಜಿ ಸರ್ ಹತ್ತಿರ ಹೋದರೆ ಅವರು, "ಇನ್ನೊಂದ ವಾರಕ್ಕ ದಸರಾ ಸೂಟಿ ಬರ್ತೈತ್ರಿ ಟೀಚರ್, ಸುಮ್ನ ಯಾಕ ಮೈಮ್ಯಾಲ ಹಾಕ್ಕೋತೀರಿ? ಅಣ್ಣ ತಂಗಿ ಮನ್ಯಾಗ ಬಗೀಹರಿಸಿಕೊಳ್ರಿ" ಎಂದು ಕಡತದೊಳಗೆ ಮುಖ ಹಾಕಿದರು. ಮೊನ್ನೆ ಫೋಟೊ ತೆಗೆಯಲು ಮುಂದೆ ಓಡಿ ಬಂದವರು ಇದೇ ಸರ್. ಮನೆಯಲ್ಲಿ ನಮ್ಮ ಯಜಮಾನರು ಬೇರೆ, "ತವರಮನಿ ಬಾಗಲಾ ನೀನ ಹಾಕ್ಕೋಳಾಕತ್ತಿ ನೋಡು" ಎಂದು ಹೆದರಿಸುತ್ತಾರೆ. ಅವರಿಗೇನು, ವರ್ಷಕ್ಕೊಮ್ಮೆ ನಿನ್ನ ಕಾರು ಬಾಗಿಲಿಗೆ ಬಂದು ನಿಂತಾಗ ಓಣಿಯ ಹೆಂಗಸರ ಮುಂದೆ ನನಗೆ ಎಷ್ಟು ಹೆಮ್ಮೆಯಾಗುತ್ತದೆ ಎಂದು ಗೊತ್ತಿದೆ. ಅವ್ವ ಹೋದ ಮೇಲೆ ನನಗೆ ತವರು ಎಂದರೆ ನೀನೊಬ್ಬನೇ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೇ. ಬುಧವಾರ ಹಾಜರಿ ಕರೆಯುವಾಗ ನನ್ನ ಮಕ್ಕಳು ನನ್ನೆದುರು ಇರಬೇಕು. ದಸರಾ ರಜೆಯಲ್ಲೂ ಒಂದು ಮಗು ನಿನ್ನ ಪ್ಲಾಟಿನಲ್ಲಿ ಕಾಣಬಾರದು. ಅಜ್ಜಪ್ಪ ಮನೆ ಮನೆಗೆ ಹೋಗಿ ನನ್ನ ಹೆಸರಿನಲ್ಲಿ ಸುಳ್ಳು ಹೇಳಿದ್ದಾನಲ್ಲ, ಅದೇ ಮನೆಗಳಿಗೆ ಹೋಗಿ ಅದು ಸುಳ್ಳು ಎಂದು ಹೇಳಬೇಕು. ಇಲ್ಲವಾದರೆ ಗುರುವಾರ ನಾನು ರಜೆ ಹಾಕಿ ದೂರು ಕೊಡಲು ಹಾವೇರಿಗೆ ಹೋಗುತ್ತೇನೆ. ಯಾವ ಕಚೇರಿಗೆ, ಯಾರ ಹತ್ತಿರ ಎಂದು ವಿಚಾರಿಸಿಯಾಗಿದೆ. ಪ್ಲಾಟು ಯಾರದು ಎಂದು ಕೇಳಿದರೆ ನಮ್ಮಣ್ಣನದು ಎಂದು ಹೇಳುತ್ತೇನೆ, ಬರೆದೂ ಕೊಡುತ್ತೇನೆ. ಹೆದರಿಸುತ್ತಿದ್ದಾಳೆ ಎಂದು ನಗಬೇಡ. ನಾನು ಯಾರ ತಂಗಿ ಎಂದು ನಿನಗೆ ಗೊತ್ತಿದೆ, ಹಿಡಿದ ಹಟ ಬಿಡುವುದನ್ನು ನೀನು ನನಗೆ ಕಲಿಸಿಲ್ಲ.

ನಾಳೆ ಯಜಮಾನರು ಬ್ಯಾಡಗಿಗೆ ಬರುವವರಿದ್ದಾರೆ, ಪಂಚಮಿ ಉಂಡಿ ತುಂಬಿ ಕಳಿಸಿದ್ದ ಸ್ಟೀಲಿನ ಡಬ್ಬಿಯಲ್ಲಿ ಈ ಕಾಗದ ಇಟ್ಟು ಕಳಿಸುತ್ತೇನೆ. ತವರಿನ ಡಬ್ಬಿಯನ್ನು ಖಾಲಿ ಕಳಿಸಬಾರದು ಎಂದು ಅವ್ವ ಹೇಳುತ್ತಿದ್ದಳಲ್ಲ, ಅದಕ್ಕೆ ಮಕ್ಕಳ ಕೊರಳಿನಿಂದ ತೆಗೆದ ದಾರ ಅದರಲ್ಲಿ ಹಾಕಿದ್ದೇನೆ. ಅತ್ತಿಗೆ ಮುಚ್ಚಳ ತೆಗೆದು ಇದೇನು ಎಂದು ಕೇಳಿದರೆ ನೀನೇ ಹೇಳು.

ಅತ್ತಿಗೆಗೆ ನಮಸ್ಕಾರ ತಿಳಿಸು. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬಾರದು ಎನ್ನು. ಧನಶ್ರೀ ಚೆನ್ನಾಗಿ ಓದಲಿ, ಯಾರ ಕಣ್ಣೂ ಅವಳ ಕೈಯ ಮೇಲೆ ಬೀಳದೇ ಇರಲಿ. ನಿನಗೆ ಆಯುಷ್ಯ ಹೆಚ್ಚಲಿ. ಸಿಟ್ಟು ಎಷ್ಟಿದ್ದರೂ ನಿನ್ನ ಕಾಲು ಮುಟ್ಟಿಯೇ ಮುಗಿಸುತ್ತೇನೆ.

ನಿನ್ನ ತಂಗಿ,
ದ್ರಾಕ್ಷಾಯಿಣಿ

ತಾ.ಕ.: ಕಾಗದ ಮಡಚಿ ಡಬ್ಬಿಯೊಳಗೆ ಇಟ್ಟಿದ್ದೆ, ಮತ್ತೆ ತೆಗೆದೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ನಿನ್ನೆ ಭುವನಾ ಪ್ಲಾಟಿನಿಂದ ಬರುವಾಗ ಹಾದಿಯಲ್ಲಿ ಸಿಕ್ಕಳು. ಅವಳನ್ನು ಹಿಡಿದು ನಿಲ್ಲಿಸಿ ಕೇಳಿದೆ: "ಯಾರು ನಿನ್ನ ಒತ್ತಾಯ ಮಾಡಿ ಕಳಸಾಕತ್ತಾರವ್ವಾ? ಅಜ್ಜಿಯೋ, ಮೇಸ್ತ್ರಿಯೋ? ಹೇಳು, ನಾ ನೋಡ್ಕೋತೇನಿ." ಅವಳು ನಕ್ಕಳು. "ಯಾರೂ ಇಲ್ರಿ ಟೀಚರ್, ನಾನ ಹೊಂಟೇನ್ರಿ. ನಿಮ್ಮ ಅಣ್ಣಾರು ಐದನೇತ್ತಾ ಬಿಟ್ಟು ಹೊಲಕ್ಕ ಹೋದ್ರು, ಅದಕ್ಕ ನೀವು ಟೀಚರ್ ಆದ್ರಿ ಅಂತ ನೀವ ಹೇಳಿದ್ರಲ್ರಿ. ನಂದೂ ಐದನೇತ್ತಾನ ಅಲ್ರಿ. ನನ್ನ ತಮ್ಮ ಸಿದ್ದೇಶ ಎರಡನೇತ್ತಾ ಅದಾನ. ಮುಂದ ಅಂವಾ ಸರ್ ಆಗ್ತಾನ್ರಿ" ಎಂದಳು. ಬಹುಮಾನ ಬಂದವಳ ಹಾಗೆ ಹೆಬ್ಬೆರಳು ಎತ್ತಿ ಉಗುರು ತೋರಿಸಿದಳು. ಈ ಅವಧಿಯಲ್ಲಿ ನನ್ನ ಜಾಣ ಹುಡುಗಿ ಕಲಿತದ್ದು ಹೂವಿನ ಪಾಠವಲ್ಲ ಅಣ್ಣಾ, ನಿನ್ನ ಕಥೆ. ಶಾಲೆ ಬಿಟ್ಟ ದಿನ ನೀನು ಪಾಟಿಚೀಲ ತಬ್ಬಿಕೊಂಡು ದನದ ಕೊಟ್ಟಿಗೆಯಲ್ಲಿ ಕೂತು ಅತ್ತದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಆ ಮಾತು ಮಕ್ಕಳಿಗೆ ಹೇಳಿರಲಿಲ್ಲ. ಈಗ ಹೇಳಿದರೆ ಅವಳು ನಂಬುವುದಿಲ್ಲ, ಶಾಲೆಗೆ ಕರೆಯಲು ಟೀಚರ್ ಹೀಗೆ ಹೇಳುತ್ತಾರೆ ಎನ್ನುತ್ತಾಳೆ. ನೀನೇ ಬಾ. ಬಂದು ಅವಳ ಮುಂದೆ ಕೂತು, ಅವತ್ತು ನೀನು ಎಷ್ಟು ಅತ್ತೆ ಎಂದು ಹೇಳು.